ಸೋರಿ ಕೆಟ್ಟ ಫಾಲ್ಸ್ ಸೀಲಿಂಗ್: ತೇಪೆ ಸಾಕಾ, ಹೊಸ ಬೋರ್ಡ್ ಬೇಕಾ, ಬೇರೆಯದೇ ಹಾಕಿಸಬೇಕಾ?

ಪುಷ್ಯ ಮಳೆ ಹಿಡಿದು ಆರನೇ ದಿನ. ರಾತ್ರಿ ಊಟ ಮುಗಿಸಿ ಹಾಲ್‌ನಲ್ಲಿ ಕೂತಿದ್ದೆವು. ತಲೆ ಎತ್ತಿ ನೋಡಿದರೆ ಫಾಲ್ಸ್ ಸೀಲಿಂಗ್‌ನ ಒಂದು ಮೂಲೆ ಹೊಟ್ಟೆ ಬಂದ ಹಾಗೆ ಕೆಳಗೆ ಬಾಗಿತ್ತು. ಬೆಳಗ್ಗೆ ಅಲ್ಲಿ ಡಿಕಾಕ್ಷನ್ ಬಣ್ಣದ ಒಂದು ಉಂಗುರ ಇತ್ತು, ಅಷ್ಟೇ. ಚಿಕ್ಕಮಗಳೂರಿನಲ್ಲಿ ಮಳೆಗಾಲದಲ್ಲಿ ಇಂಥ ಕಲೆ ಎಲ್ಲರ ಮನೆಯಲ್ಲೂ ಇರುತ್ತದೆ ಅಂದುಕೊಂಡು ಸುಮ್ಮನಿದ್ದೆ.

ಮೊದಲು ಆ ರೂಮಿಗೆ ಕರೆಂಟ್ ಹೋಗುವ ಸ್ವಿಚ್ (ಎಂಸಿಬಿ) ಇಳಿಸಿದೆ. ಬಾಗಿದ ಜಾಗದ ಕೆಳಗೆ ದೊಡ್ಡ ಬಕೆಟ್ ಇಟ್ಟೆ. ಪಕ್ಕಕ್ಕೆ ನಿಂತು, ಉದ್ದದ ಸ್ಕ್ರೂಡ್ರೈವರ್‌ನಿಂದ ಹೊಟ್ಟೆಯ ನಡುವೆ ಒಂದು ತೂತು ಮಾಡಿದೆ. ಮುಕ್ಕಾಲು ಬಕೆಟ್ ನೀರು ಇಳಿಯಿತು. ಚೆನ್ನಾಗಿರುವ ಸೀಲಿಂಗ್‌ಗೆ ತೂತು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ಮಾಡಲೇಬೇಕು. 12 ಅಡಿ ಉದ್ದ, 11 ಅಡಿ ಅಗಲದ ಒಂದು ರೂಮಿನ ಲೆಕ್ಕ ಹಾಕಿ ನೋಡಿ. 132 ಚದರ ಅಡಿ. ಅಷ್ಟಕ್ಕೆ ಹಾಕಿದ ಜಿಪ್ಸಮ್ ಬೋರ್ಡ್ ಒಣಗಿದ್ದಾಗಲೇ ಸುಮಾರು 100 ಕೆಜಿ ತೂಗುತ್ತದೆ. ಅಂದರೆ 50 ಕೆಜಿಯ ಎರಡು ಮೂಟೆ ಕಾಫಿ ನಮ್ಮ ತಲೆಯ ಮೇಲೆ ನೇತಾಡುತ್ತಿದೆ. ಅದರ ಮೇಲೆ ನೀರೂ ನಿಂತರೆ?

ಮಾರನೆಯ ದಿನ ಬೆಳಗಿನ ಜಾವ ಆ ಮೂಲೆಯ ಒಂದು ತುಂಡು ಬಿದ್ದೇಬಿಟ್ಟಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ.

ಆಮೇಲೆ ನಾಲ್ಕು ಜನರನ್ನು ಕರೆಸಿ ಕೇಳಿದೆ. ಒಬ್ಬರು ತೇಪೆ ಹಾಕಿದರೆ ಸಾಕು ಅಂದರು. ಇನ್ನೊಬ್ಬರು ಪೂರ್ತಿ ಕಿತ್ತು ಹೊಸ ಜಿಪ್ಸಮ್ ಹಾಕಿಸಿ ಅಂದರು. ಮೂರನೆಯವರದು ಪಿವಿಸಿ, ಅಂದರೆ ಪ್ಲಾಸ್ಟಿಕ್ ಪಟ್ಟಿ. ನಾಲ್ಕನೆಯವರು ವಯಸ್ಸಾದ ಗಾರೆ ಮೇಸ್ತ್ರಿ. ಅವರು ಸೀಲಿಂಗ್ ಕಡೆ ಕಣ್ಣೂ ಹಾಯಿಸಲಿಲ್ಲ. "ಅಣ್ಣ, ಮೊದಲು ಏಣಿ ಎಲ್ಲಿದೆ ತೋರಿಸಿ, ತಾರಸಿ ನೋಡಬೇಕು" ಅಂದರು. ಈ ವಿಷಯದಲ್ಲಿ ನಾನು ಕಲಿತದ್ದೆಲ್ಲ ಆ ಒಂದು ಮಾತಿನಿಂದ ಶುರುವಾಯಿತು. ಯಾವ ಬೋರ್ಡ್ ಒಳ್ಳೆಯದು ಅಂತ ಕೇಳುವ ಮುಂಚೆ, ಆ ಬೋರ್ಡಿನ ಮೇಲೆ ಏನಿದೆ ಅಂತ ಕೇಳಬೇಕು. ಉತ್ತರ ರೂಮಿನಿಂದ ರೂಮಿಗೆ, ಊರಿನಿಂದ ಊರಿಗೆ ಬೇರೆಯಾಗುತ್ತದೆ.

ನೀರು ಎಲ್ಲಿಂದ ಬಂತು?

ಸೀಲಿಂಗ್ ಮೇಲೆ ಕಲೆ ಕಂಡ ಕೂಡಲೇ ಪೆನ್ಸಿಲ್ ತೆಗೆದುಕೊಂಡು ಕಲೆಯ ಅಂಚಿಗೆ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು ಬರೆಯಿರಿ. ಮುಂದಿನ ಮಳೆಯ ನಂತರ ಕಲೆ ಗೆರೆ ದಾಟಿದರೆ ಸೋರಿಕೆ ಇನ್ನೂ ಇದೆ ಎಂದರ್ಥ. ಮಳೆ ಇಲ್ಲದ ದಿನಗಳಲ್ಲೂ ದಾಟುತ್ತಿದ್ದರೆ ಅದು ಬಹುಶಃ ತಾರಸಿಯ ನೀರಲ್ಲ, ಪೈಪಿನದೋ ಬಚ್ಚಲಿನದೋ ಇರಬೇಕು.

ಹಾಸನದಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹೀಗೇ ಆಯಿತು. ಅವರ ಮಲಗುವ ಕೋಣೆಯ ಸೀಲಿಂಗ್ ಬೇಸಿಗೆಯಲ್ಲೇ ಹಾಳಾಯಿತು. "ಮಳೆನೇ ಇಲ್ಲ ಕಣೋ, ಆದ್ರೂ ಕಲೆ ದೊಡ್ಡದಾಗ್ತಾ ಇದೆ" ಅಂತ ಫೋನ್ ಮಾಡಿದ್ದರು. ಮೇಲಿನ ಮನೆಯ ಬಚ್ಚಲಿನಲ್ಲಿ, ನೀರು ಹೋಗುವ ನಹಾನಿ ಟ್ರ್ಯಾಪ್‌ನ ಸುತ್ತ ಗಾರೆ ಬಿಟ್ಟಿತ್ತು. ಅಲ್ಲಿ ಸ್ನಾನ ಮಾಡಿದಾಗಲೆಲ್ಲ ಇವರ ಸೀಲಿಂಗ್ ಮೇಲೆ ಒಂದಿಷ್ಟು ನೀರು. ಅವರು ಅದಾಗಲೇ ಒಂದು ಸಲ ಬೋರ್ಡ್ ಬದಲಾಯಿಸಿ ದುಡ್ಡು ಕಳೆದುಕೊಂಡಿದ್ದರು.

ನಮ್ಮ ಮನೆಯ ಕಾರಣ ಇನ್ನೂ ಸಣ್ಣದು. ತಾರಸಿಯ ನೀರು ಇಳಿದು ಹೋಗುವ ಪೈಪಿನ ಬಾಯಿಗೆ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡಿತ್ತು. ನೀರು ಹೋಗಲು ದಾರಿ ಇಲ್ಲದೆ ತಾರಸಿಯಲ್ಲಿ ನಿಂತಿತು. ನಿಂತ ನೀರು ಪ್ಯಾರಪೆಟ್ ಗೋಡೆ ಮತ್ತು ಸ್ಲ್ಯಾಬ್ ಸೇರುವ ಕಡೆ ಕೂದಲೆಳೆಯಷ್ಟು ಸೀಳು ಹುಡುಕಿಕೊಂಡು ಒಳಗೆ ಬಂತು. ಒಂದು ಹಿಡಿ ಎಲೆ, ಅಷ್ಟೇ ಕಾರಣ.

ಮೂರನೆಯ ಬಗೆಯೂ ಒಂದಿದೆ. ಅದನ್ನು ಸೋರಿಕೆ ಅನ್ನುವ ಹಾಗೂ ಇಲ್ಲ. ತಗಡಿನ ಶೀಟು ಹೊದಿಸಿದ ಮನೆಗಳಲ್ಲಿ ಚಳಿಗಾಲದ ರಾತ್ರಿ ಶೀಟು ತುಂಬಾ ತಣ್ಣಗಾಗುತ್ತದೆ. ಒಳಗಿನ ಬೆಚ್ಚಗಿನ ಗಾಳಿಯ ತೇವ ಶೀಟಿನ ಕೆಳಮೈಗೆ ಹನಿಯಾಗಿ ಕಟ್ಟಿ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಇದನ್ನು ನೋಡಿದವರು ಬಹಳ ಜನ. ಶೀಟಿನಲ್ಲಿ ಎಷ್ಟು ಹುಡುಕಿದರೂ ತೂತು ಸಿಗುವುದಿಲ್ಲ. ಇದಕ್ಕೆ ಬೇಕಾದ್ದು ಶೀಟಿನ ಕೆಳಗೆ ಶಾಖ ತಡೆಯುವ ಹಾಸು ಮತ್ತು ಗಾಳಿ ಆಡಲು ದಾರಿ. ಡಾಂಬರು ಬಳಿದು ಪ್ರಯೋಜನವಿಲ್ಲ.

ಕಾರಣ ಸಿಕ್ಕಿ, ಸರಿ ಮಾಡಿಸಿ, ಪರೀಕ್ಷೆಯೂ ಆಗುವವರೆಗೆ ಹೊಸ ಸೀಲಿಂಗ್‌ಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ತಾರಸಿಯಾದರೆ ನೀರಿನ ದಾರಿ ಮುಚ್ಚಿ, ಒಂದೆರಡು ಅಂಗುಲ ನೀರು ನಿಲ್ಲಿಸಿ, 24 ರಿಂದ 48 ಗಂಟೆ ಬಿಡಬೇಕು. ಕೆಳಗೆ ಸ್ಲ್ಯಾಬ್ ಒಣಗಿಯೇ ಇದ್ದರೆ ಮುಂದಿನ ಮಾತು.

ತೇಪೆ ಯಾವಾಗ ಸಾಕು

ಸೋರಿಕೆ ನಿಂತ ಮೇಲೆ, ಬೋರ್ಡ್ ಒಣಗಲು ಬಿಟ್ಟು, ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದು ಕಲೆ ಮಾತ್ರ ಉಳಿದಿದ್ದರೆ ಬೋರ್ಡ್ ಬದಲಾಯಿಸುವ ಅಗತ್ಯವಿಲ್ಲ. ಆದರೆ ಸುಮ್ನೆ ಮೇಲೆ ಎಮಲ್ಷನ್ ಹೊಡೆದರೆ ಎರಡೇ ವಾರದಲ್ಲಿ ಅದೇ ಉಂಗುರ ಮತ್ತೆ ಮೂಡುತ್ತದೆ. ಕಲೆಯ ಬಣ್ಣ ನೀರಿನ ಪೇಂಟಿನಲ್ಲಿ ಕರಗಿ ಮೇಲೆ ಬರುತ್ತದೆ. ಮೊದಲು ಎಣ್ಣೆ ಪ್ರೈಮರ್, ಅಂದರೆ ಟರ್ಪೆಂಟೈನ್ ಬೆರೆಸುವ ಬಗೆಯದು, ಒಂದು ಕೋಟ್ ಕೊಡಿ. ಅದು ಒಣಗಿದ ಮೇಲೆ ಎಮಲ್ಷನ್.

ಬೆರಳು ಒಳಗೆ ಹೋದರೆ, ಅಥವಾ ಕಾಗದ ಉಬ್ಬಿ ಬಿಟ್ಟುಕೊಂಡಿದ್ದರೆ ಆ ಭಾಗ ಹೋದಂತೆ. ಜಿಪ್ಸಮ್ ನೀರಿನಲ್ಲಿ ಸ್ವಲ್ಪ ಕರಗುವ ವಸ್ತು. ಒಂದು ಲೀಟರ್ ನೀರಿಗೆ ಎರಡು ಗ್ರಾಂ ಮೇಲೆ ಕರಗುತ್ತದೆ. ಜೊತೆಗೆ ಬೋರ್ಡಿಗೆ ಬಲ ಕೊಡುವುದು ಎರಡೂ ಬದಿಯ ಕಾಗದ. ಕಾಗದ ಮತ್ತು ತಿರುಳಿನ ಅಂಟು ಒಮ್ಮೆ ಬಿಟ್ಟರೆ, ಎಷ್ಟೇ ಒಣಗಿದರೂ ಮೊದಲಿನ ಗಟ್ಟಿತನ ಬರುವುದಿಲ್ಲ.

ಹಾಳಾದ ಜಾಗ ಒಂದು ಹಾಳೆಗಿಂತ, ಅಂದರೆ ಒಂದು ಇಡೀ ಬೋರ್ಡಿಗಿಂತ, ಕಡಿಮೆ ಇದ್ದರೆ ತೇಪೆ ಒಳ್ಳೆಯ ಆಯ್ಕೆ. ಮೆತ್ತಗಾದ ಭಾಗದ ಆಚೆಗೂ ಹೋಗಿ, ಬೋರ್ಡನ್ನು ಹಿಡಿದಿರುವ ತಗಡಿನ ಪಟ್ಟಿಗಳಿವೆಯಲ್ಲ, ಆ ಒಂದು ಚಾನೆಲ್‌ನಿಂದ ಇನ್ನೊಂದು ಚಾನೆಲ್‌ಗೆ, ಚೌಕವಾಗಿ ಕತ್ತರಿಸಬೇಕು. ಹೊಸ ತುಂಡಿನ ನಾಲ್ಕೂ ಅಂಚಿಗೆ ಹಿಂದೆ ಆಸರೆ ಇರಬೇಕು. ಆಮೇಲೆ ಜಾಯಿಂಟ್ ಟೇಪ್, ಜಾಯಿಂಟ್ ಕಾಂಪೌಂಡ್, ಮರಳುಕಾಗದ. ಪೇಂಟ್ ಮಾತ್ರ ತೇಪೆಗಷ್ಟೇ ಹೊಡೆಯಬೇಡಿ. ಹಳೆಯ ಬಿಳಿ, ಹೊಸ ಬಿಳಿ ಹೊಂದುವುದಿಲ್ಲ. ಗೋಡೆಯಿಂದ ಗೋಡೆಗೆ ಇಡೀ ಸೀಲಿಂಗ್ ಹೊಡೆಸಿ.

ತೇಪೆ ಬೇಡ ಎನ್ನಲು ಎರಡು ಗುರುತುಗಳಿವೆ. ಗೋಡೆಯಿಂದ ಗೋಡೆಗೆ ಒಂದು ದಾರ ಬಿಗಿದು ಕಟ್ಟಿ. ಸೀಲಿಂಗ್ ಅಲ್ಲಲ್ಲಿ ದಾರಕ್ಕಿಂತ ಕೆಳಗೆ ಜೋತಿದ್ದರೆ ಒಂದು ಹಾಳೆಯ ತೊಂದರೆಯಲ್ಲ, ಚೌಕಟ್ಟಿನದೇ ತೊಂದರೆ. ಇನ್ನೊಂದು, ಸಾಲಾಗಿ ಕಾಣುವ ಕಂದು ಚುಕ್ಕೆಗಳು. ಅವು ತುಕ್ಕು ಹಿಡಿದ ಸ್ಕ್ರೂ ತಲೆಗಳು. ಸ್ಕ್ರೂಗೆ ತುಕ್ಕು ಬಂದಿದ್ದರೆ ಮೇಲಿನ ಜಿಐ ಚಾನೆಲ್‌ನ ಸತುವಿನ ಲೇಪವೂ ಹೋಗಿರಬಹುದು. ಒಂದು ಕಡೆ ತೆಗೆಸಿ ಕಣ್ಣಾರೆ ನೋಡಿ.

ಕೆಲವರು ಹಳೆಯದನ್ನು ಕೀಳದೆ ಅದರ ಕೆಳಗೇ ಹೊಸ ಬೋರ್ಡ್ ಹೊಡೆದು ಕೊಡುತ್ತೇವೆ ಅನ್ನುತ್ತಾರೆ. ಧೂಳಿಲ್ಲ, ಎರಡು ದಿನದ ಕೆಲಸ, ಖರ್ಚೂ ಕಡಿಮೆ. ದಯವಿಟ್ಟು ಒಪ್ಪಬೇಡಿ. ಹಳೆಯ ಚಾನೆಲ್ ಮೇಲೆ ಭಾರ ಎರಡರಷ್ಟಾಗುತ್ತದೆ. ಒದ್ದೆ, ಬೂಸ್ಟು ಎಲ್ಲ ಒಳಗೇ ಉಳಿಯುತ್ತವೆ. ಅದೇ ಗಾಳಿಯನ್ನು ಮನೆಯವರು ಉಸಿರಾಡುತ್ತಾರೆ.

ಮತ್ತೆ ಜಿಪ್ಸಮ್ ಬೋರ್ಡ್

ನೀರು ಬರುವ ದಾರಿ ಮುಚ್ಚಿದೆ ಎಂಬ ಖಾತ್ರಿ ಇದ್ದರೆ ಹಾಲ್, ಮಲಗುವ ಕೋಣೆಗಳಿಗೆ ನಾನು ಈಗಲೂ ಜಿಪ್ಸಮ್ ಬೋರ್ಡನ್ನೇ ಹೇಳುತ್ತೇನೆ. ನೋಡಲು ನಯ, ಬೇಗ ಮುಗಿಯುತ್ತದೆ, ಮುಂದೆ ಒಂದು ತುಂಡು ಕೆಟ್ಟರೆ ಅದಷ್ಟನ್ನೇ ಬದಲಾಯಿಸಬಹುದು. ಬೆಂಕಿಯ ವಿಷಯದಲ್ಲೂ ಒಳ್ಳೆಯದು. 100 ಕೆಜಿ ಜಿಪ್ಸಮ್‌ನಲ್ಲಿ ಸುಮಾರು 21 ಕೆಜಿ ನೀರು ಹರಳಿನೊಳಗೆ ಸೇರಿಕೊಂಡಿದೆ. ಬೆಂಕಿ ತಾಗಿದಾಗ ಮೊದಲು ಆ ನೀರು ಆವಿಯಾಗಬೇಕು. ಅಷ್ಟು ಹೊತ್ತು ಬೆಂಕಿ ಮೇಲಕ್ಕೆ ದಾಟುವುದಿಲ್ಲ. ಇದನ್ನು ನಮ್ಮಲ್ಲಿ ಅನೇಕರು ಜಿಪ್ರಾಕ್ ಎಂದೇ ಕರೆಯುತ್ತಾರೆ. ಅದು ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಬೇರೆ ಕಂಪನಿಗಳದೂ ಸಿಗುತ್ತದೆ. ಹಿಂಬದಿಯಲ್ಲಿ ಕಂಪನಿಯ ಹೆಸರು, ಐಎಸ್ 2095 ಎಂಬ ಗುರುತು ಇದೆಯಾ ನೋಡಿ.

ಅಂಗಡಿಯಲ್ಲಿ ಬೂದು ಅಥವಾ ಬಿಳಿ ಮುಖದ ಬೋರ್ಡ್ ಮಾಮೂಲಿ. ಹಸಿರು ಮುಖದ್ದು ತೇವ ತಡೆಯುವ ಬಗೆ. ಗುಲಾಬಿ ಮುಖದ್ದು ಬೆಂಕಿಯನ್ನು ಹೆಚ್ಚು ಹೊತ್ತು ತಡೆಯಲು ಮಾಡಿದ್ದು. ಮಲೆನಾಡಿನ ಕಡೆಯವರು ಹಸಿರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಶೃಂಗೇರಿ, ಕೊಪ್ಪ, ಮೂಡಿಗೆರೆ, ಸಕಲೇಶಪುರದಲ್ಲಿ ಆರಿದ್ರಾದಿಂದ ಆಶ್ಲೇಷದವರೆಗೆ ಒಗೆದ ಬಟ್ಟೆ ಮನೆಯೊಳಗೆ ಒಣಗುವುದೇ ಕಷ್ಟ. ಗೋಡೆಯೇ ಬೆವರುತ್ತದೆ. ಅಂಥ ಗಾಳಿಗೆ ಹಸಿರು ಬೋರ್ಡ್ ತಡೆಯುತ್ತದೆ. ಆದರೆ ಹಸಿರು ಅಂದರೆ ವಾಟರ್‌ಪ್ರೂಫ್ ಅಲ್ಲ. ಗಾಳಿಯ ತೇವಕ್ಕೆ ಮಾಡಿದ ಬೋರ್ಡ್ ಅದು, ತೊಟ್ಟಿಕ್ಕುವ ನೀರಿಗಲ್ಲ. ಇದನ್ನು ಅಂಗಡಿಯವರು ಬಿಡಿಸಿ ಹೇಳುವುದಿಲ್ಲ.

ಕಡೂರು, ತರೀಕೆರೆ, ಅರಸೀಕೆರೆಯ ಒಣ ಸೀಮೆಯವರಿಗೆ ಮಾಮೂಲಿ ಬೋರ್ಡೇ ಸಾಕು.

ಬೋರ್ಡಿಗಿಂತ ಅದನ್ನು ಹಿಡಿದಿರುವ ಚೌಕಟ್ಟು ಮುಖ್ಯ. ಈಗ ಸಾಮಾನ್ಯವಾಗಿ ಹಾಕುವ ಬೋರ್ಡ್ 12.5 ಮಿ.ಮೀ. ದಪ್ಪ, 6 ಅಡಿ ಉದ್ದ, 4 ಅಡಿ ಅಗಲ. ಒಂದು ಹಾಳೆ 18 ರಿಂದ 20 ಕೆಜಿ. ಅದನ್ನು ಸ್ಕ್ರೂ ಮಾಡುವ ಚಾನೆಲ್‌ಗಳ ನಡುವೆ 18 ಅಂಗುಲಕ್ಕಿಂತ ಜಾಸ್ತಿ ಅಂತರ ಇರಬಾರದು. 6 ಅಡಿ ಅಂದರೆ 72 ಅಂಗುಲ. 18ರಂತೆ ಸರಿಯಾಗಿ ನಾಲ್ಕು ಪಾಲು. ಹಾಗಾಗಿ ಹಾಳೆಯ ಎರಡೂ ತುದಿ ಚಾನೆಲ್ ಮೇಲೆ ಬಂದು ಕೂರುತ್ತದೆ. ಸಾಮಾನು ಉಳಿಸಲು ಇದನ್ನು 2 ಅಡಿಗೆ ಹಾಕಿದರೆ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಬೋರ್ಡ್ ಅಲೆ ಅಲೆಯಾಗಿ ಜೋಲುತ್ತದೆ. ಸ್ಕ್ರೂಗಳು 9 ಅಂಗುಲಕ್ಕೆ ಒಂದು. ಚಾನೆಲ್ ತಗಡು 0.5 ಮಿ.ಮೀ. ಇರಲಿ. ತೆಳು ತಗಡನ್ನು ಎರಡು ಬೆರಳಿನಿಂದ ಒತ್ತಿದರೇ ಬಾಗುತ್ತದೆ, ನೀವೇ ಒತ್ತಿ ನೋಡಬಹುದು.

ಫ್ಯಾನ್ ಮಾತ್ರ ಎಂದೂ ಬೋರ್ಡಿಗೋ ಚಾನೆಲ್‌ಗೋ ನೇತುಹಾಕಬಾರದು. ಸ್ಲ್ಯಾಬ್‌ನ ಕೊಕ್ಕೆಯಿಂದಲೇ ಉದ್ದದ ರಾಡ್ ಇಳಿಸಬೇಕು.

ಪಿಒಪಿ

ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಕೂಡ ಜಿಪ್ಸಮ್ಮೇ. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿ, ನೀರಿನ ಹೆಚ್ಚಿನ ಪಾಲು ತೆಗೆದ ಪುಡಿ ಅದು. ಬಳ್ಳಿ, ಹೂವು, ಗುಂಡಗಿನ ಅಂಚು ಬೇಕೆಂದರೆ ಪಿಒಪಿ ಕೆಲಸದವರ ಕೈಗೆ ಸಾಟಿಯಿಲ್ಲ. ಆದರೆ ಮನೆಯಲ್ಲಿ ವಾಸವಿದ್ದು ರಿಪೇರಿ ಮಾಡಿಸುವವರಿಗೆ ನಾನು ಹೇಳುವುದಿಲ್ಲ. ಮನೆ ತುಂಬ ಬಿಳಿ ಕೆಸರು. ಒದ್ದೆ ಕೆಲಸವಾದ್ದರಿಂದ ಪೂರ್ತಿ ಒಣಗದೆ ಪೇಂಟ್ ಮಾಡುವ ಹಾಗಿಲ್ಲ. ಮಳೆಗಾಲದಲ್ಲಿ ಅದು ವಾರಗಟ್ಟಲೆ ಒಣಗುವುದಿಲ್ಲ. ಸೋರಿದರೆ ಜಿಪ್ಸಮ್ ಬೋರ್ಡಿನಷ್ಟೇ ಬೇಗ ಕೆಡುತ್ತದೆ. ಹಳೆಯ ಪಿಒಪಿಯಲ್ಲಿ ಒಂದು ಭಾಗ ಮಾತ್ರ ಉದುರಿದ್ದು, ಉಳಿದ ಕೆತ್ತನೆ ಚೆನ್ನಾಗಿದ್ದರೆ ಅದನ್ನು ಪಿಒಪಿಯಲ್ಲೇ ತುಂಬಿಸಿ. ಅಲ್ಲಿ ಬೋರ್ಡ್ ತಂದು ಸೇರಿಸಿದರೆ ಬೆಸುಗೆ ಬಿರುಕು ಬಿಡುತ್ತದೆ.

ಪಿವಿಸಿ: ಎಲ್ಲರೂ ಹೇಳುವುದು ಇದನ್ನೇ

ಈಗ ಯಾರನ್ನು ಕೇಳಿದರೂ ಪಿವಿಸಿ ಹಾಕಿಸಿ ಬಿಡಿ ಅನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ನೀರು ಬಿದ್ದರೂ ಪಿವಿಸಿಗೆ ಏನೂ ಆಗುವುದಿಲ್ಲ. ಗೆದ್ದಲು ಹಿಡಿಯುವುದಿಲ್ಲ. ಪೇಂಟ್ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಗುರ. ಉದ್ದುದ್ದ ಪಟ್ಟಿಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾ ಹೋಗುತ್ತಾರೆ. ಒಂದು ರೂಮು ಒಂದೇ ದಿನದಲ್ಲಿ ಮುಗಿಯಬಹುದು. ಗೀಸರ್ ಇರುವ ಬಚ್ಚಲಿಗೆ, ಬಟ್ಟೆ ಒಗೆಯುವ ಜಾಗಕ್ಕೆ, ಶೀಟಿನ ಕೆಳಗಿನ ಸಿಟ್‌ಔಟ್‌ಗೆ ಇದು ಸರಿಯಾದ ಆಯ್ಕೆ.

ನನ್ನ ಮೊದಲ ತಕರಾರು ಬೆಂಕಿಯದು. ಪಿವಿಸಿ ಬಿಸಿಗೆ ಬೇಗ ಮೆತ್ತಗಾಗುತ್ತದೆ. ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಅದು ಕಣ್ಣಿಗೂ ಶ್ವಾಸಕೋಶಕ್ಕೂ ಕೆಟ್ಟದ್ದು. ಆದ್ದರಿಂದ ಅಡುಗೆ ಒಲೆಯ ಮೇಲೆ ಬೇಡ. ದೀಪ, ಕರ್ಪೂರ ಉರಿಯುವ ದೇವರ ಕೋಣೆಗೂ ಬೇಡ. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳ ಬಚ್ಚಲಲ್ಲಿ ಹಂಡೆ ಒಲೆ ಇದೆ. ಸೌದೆ ಉರಿಯುವ ಅಂಥ ಬಚ್ಚಲಿಗೆ ಪಿವಿಸಿ ಹಾಕಿಸಲೇಬೇಡಿ.

ಎರಡನೆಯದು ಇನ್ನೂ ದೊಡ್ಡದು. ಪಿವಿಸಿಗೆ ನೀರು ತಾಗದಿರಬಹುದು, ಮೇಲಿನ ಸ್ಲ್ಯಾಬ್‌ಗೆ ತಾಗುತ್ತದೆ. ಜಿಪ್ಸಮ್ ಆದರೆ ಕಲೆ ಬಂದು ಹೇಳುತ್ತದೆ. ಪಿವಿಸಿ ಏನೂ ಹೇಳುವುದಿಲ್ಲ. ನೀರು ಪಟ್ಟಿಯ ಮೇಲೆ ಹರಿದು ಎಲ್ಲೋ ಗೋಡೆಯ ಮೂಲೆಯಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ಸ್ಲ್ಯಾಬ್ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಚಕ್ಕೆ ಎದ್ದಿರುತ್ತದೆ. ಸೀಲಿಂಗ್ ಹೋದರೆ ಮತ್ತೆ ಹಾಕಿಸಬಹುದು. ಸ್ಲ್ಯಾಬ್ ಹೋದರೆ ಅದು ಬೇರೆಯೇ ಮಟ್ಟದ ಖರ್ಚು, ಬೇರೆಯೇ ಮಟ್ಟದ ಅಪಾಯ. ಸೋರುವ ತಾರಸಿಯನ್ನು ಪಿವಿಸಿಯಿಂದ ಮುಚ್ಚುವುದು ನೋಯುವ ಹಲ್ಲಿಗೆ ಮಾತ್ರೆ ನುಂಗುತ್ತಾ ಕೂತ ಹಾಗೆ.

ಬಿಸಿಲು ನೇರವಾಗಿ ಬೀಳುವ ಕಡೆ ಬಣ್ಣ ಹಳದಿಗೆ ತಿರುಗುವುದೂ ಉಂಟು.

ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್

ಇದರ ಬಗ್ಗೆ ನಮ್ಮೂರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಕೇಳಿ ತರಿಸಬೇಕು. ಸುಣ್ಣ, ಸಿಲಿಕಾ, ನಾರು ಸೇರಿಸಿ ಹಬೆಯ ಒತ್ತಡದಲ್ಲಿ ಮಾಡುವ ಬೋರ್ಡ್ ಇದು. 6, 8, 10 ಮಿ.ಮೀ. ದಪ್ಪದಲ್ಲಿ ಬರುತ್ತದೆ. ಸೀಲಿಂಗ್‌ಗೆ 8 ಮಿ.ಮೀ. ಒಳ್ಳೆಯದು. ಒದ್ದೆಯಾದರೂ ಜಿಪ್ಸಮ್ ಹಾಗೆ ಕರಗಿ ಜೋಲುವುದಿಲ್ಲ. ಬೆಂಕಿ ಹಿಡಿಯುವುದಿಲ್ಲ. ಮೇಲೆ ಕಾಗದ ಇಲ್ಲದ್ದರಿಂದ ಬೂಸ್ಟಿಗೆ ತಿನ್ನಲು ಏನೂ ಇಲ್ಲ. ಪಿವಿಸಿ ಬೇಡ, ಜಿಪ್ಸಮ್ ತಡೆಯುವುದಿಲ್ಲ ಎಂಬ ಜಾಗಗಳಿವೆಯಲ್ಲ, ಅಡುಗೆಮನೆ, ಹಂಡೆ ಒಲೆಯ ಬಚ್ಚಲು, ಹಂಚಿನ ಮಾಡಿನ ಕೆಳಗಿನ ಕೋಣೆ, ಅಲ್ಲಿಗೆ ಇದೇ ಸರಿ. ಎಲ್ಲಿ ಬೆಂಕಿಯೂ ಇದೆ ನೀರೂ ಇದೆ ಅಲ್ಲಿಗೆ ಎರಡನೇ ಯೋಚನೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಷ್ಟಗಳೂ ಇವೆ. ಜಿಪ್ಸಮ್‌ಗಿಂತ ದುಬಾರಿ. ಗಟ್ಟಿಯಾದ್ದರಿಂದ ಕತ್ತರಿಸಲು ಮಿಷನ್ ಬೇಕು. ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಆ ಕೆಲಸ ಹೊರಗೆ, ಮಾಸ್ಕ್ ಹಾಕಿಕೊಂಡೇ ಆಗಬೇಕು. ಕೆಲಸದವರು ಬೇಡ ಅಂದರೂ ನಾವೇ ಮಾಸ್ಕ್ ತಂದುಕೊಡೋಣ. ಬೆಸುಗೆಗಳಲ್ಲಿ ಬಿರುಕು ಕಾಣುವ ಸಂಭವ ಜಿಪ್ಸಮ್‌ಗಿಂತ ಜಾಸ್ತಿ. ಹಾಳೆಗಳ ನಡುವೆ ಸಣ್ಣ ಸಂದು ಬಿಟ್ಟು ಟೇಪ್ ಹಾಕಿ ತುಂಬುವುದು ಗೊತ್ತಿರುವ ಕೈ ಬೇಕು. ಈ ಕೆಲಸ ಮುಂಚೆ ಎಲ್ಲಿ ಮಾಡಿದ್ದಾರೆ ಎಂದು ಕೇಳಿ, ಹೋಗಿ ನೋಡಿಬನ್ನಿ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಮನೆಗಳಲ್ಲಿ ಸೀಲಿಂಗ್‌ಗೆ ಬೂದು ಬಣ್ಣದ ಚಪ್ಪಟೆ ಸಿಮೆಂಟ್ ಶೀಟು ಹೊಡೆದಿರುತ್ತಾರೆ. ಅದರಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ವರ್ಷಗಟ್ಟಲೆ ಆದ ಮೇಲೆ ಕ್ಯಾನ್ಸರ್ ತರಬಲ್ಲದು. ಅಂಥ ಶೀಟನ್ನು ಸುತ್ತಿಗೆಯಿಂದ ಒಡೆಯಬೇಡಿ, ಮಿಷನ್‌ನಿಂದ ಕುಯ್ಯಬೇಡಿ. ನೀರು ಚಿಮುಕಿಸಿ, ಮೊಳೆ ಬಿಚ್ಚಿ, ಇಡಿಯಾಗಿ ಇಳಿಸಿ. ಮಕ್ಕಳನ್ನು ಅಷ್ಟು ದಿನ ಅಜ್ಜಿ ಮನೆಗೆ ಕಳಿಸಿ.

ಉಳಿದ ಮೂರು

ಎರಡಡಿ ಚೌಕದ ಗ್ರಿಡ್ ಸೀಲಿಂಗ್ ಆಫೀಸು, ಅಂಗಡಿಗಳಲ್ಲಿ ನೋಡಿರುತ್ತೀರಿ. ಮನೆಯ ಹಾಲ್‌ಗೆ ಅದರ ಚೆಲುವು ಸಾಲದು. ಆದರೆ ಮೇಲೆ ಬಚ್ಚಲಿನ ಪೈಪುಗಳಿರುವ ಜಾಗಕ್ಕೆ ಬಹಳ ಅನುಕೂಲ. ಒಂದು ಟೈಲ್ ಎತ್ತಿದರೆ ಪೈಪು ಕೈಗೆ ಸಿಗುತ್ತದೆ. ಚಿಕ್ಕಮ್ಮನ ಮನೆಗೆ ಕೊನೆಗೆ ಪ್ಯಾಸೇಜ್‌ನಲ್ಲಿ ಇದನ್ನೇ ಹಾಕಿಸಿದೆವು. ಮಿನರಲ್ ಫೈಬರ್ ಟೈಲ್ ಆದರೆ ಎಷ್ಟು ತೇವ ತಡೆಯುತ್ತದೆ ಎಂಬುದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಓದಿ ಕೊಳ್ಳಿ. ಅಗ್ಗದ್ದು ನಮ್ಮ ಮಳೆಗಾಲಕ್ಕೆ ತಟ್ಟೆಯ ಹಾಗೆ ಬಾಗುತ್ತದೆ.

ಮರದ ಮುಚ್ಚಿಗೆ ನಮ್ಮ ಅಜ್ಜನ ಕಾಲದ್ದು. ಹಂಚಿನ ಮನೆಗೆ ಅದರಷ್ಟು ಬೆಚ್ಚಗಿನದು ಬೇರೊಂದಿಲ್ಲ. ಮತ್ತಿ, ಹೊನ್ನೆ, ಹಲಸಿನ ಹಳೆಯ ಹಲಗೆ ಇದ್ದರೆ ಅದನ್ನು ಕಿತ್ತು ಜಿಪ್ಸಮ್ ಹಾಕಿಸಬೇಡಿ. ಕೊಳೆತ ಹಲಗೆ ಮಾತ್ರ ಬದಲಾಯಿಸಿ. ತೋಟದ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಒಣಗಿಸದೆ, ಔಷಧಿ ಬಳಿಯದೆ ಹಾಕಿದರೆ ಹುಳು ಬೀಳುತ್ತದೆ.

ಇನ್ನೊಂದನ್ನು ಯಾರೂ ಆಯ್ಕೆ ಎಂದೇ ಎಣಿಸುವುದಿಲ್ಲ. ಫಾಲ್ಸ್ ಸೀಲಿಂಗ್ ಹಾಕಿಸದೇ ಇರುವುದು. ಹಳೆಯದನ್ನು ಕಿತ್ತು, ಸ್ಲ್ಯಾಬ್‌ನ ಕೆಳಮೈಗೆ ಗಾರೆ ಸರಿಮಾಡಿ, ಪುಟ್ಟಿ ಹಾಕಿ, ಬಿಳಿ ಬಳಿದರೆ ಆಯಿತು. ಅರ್ಧ ಅಡಿ ಎತ್ತರ ವಾಪಸ್ ಸಿಗುತ್ತದೆ. ಇಲಿ, ಹಲ್ಲಿಗೆ ಮನೆ ಇಲ್ಲ. ಸ್ಲ್ಯಾಬ್‌ನಲ್ಲಿ ತೇವ ಬಂದರೆ ಅಂದೇ ಕಾಣುತ್ತದೆ. ಖರ್ಚು ಎಲ್ಲಕ್ಕಿಂತ ಕಡಿಮೆ. ವೈರಿಂಗ್ ಫಾಲ್ಸ್ ಸೀಲಿಂಗ್ ಒಳಗೆ ಹಾದಿರುವ ಮನೆಗಳಲ್ಲಿ ಸ್ಲ್ಯಾಬ್‌ಗೆ ಪಟ್ಟಿ ಹೊಡೆದು ವೈರ್ ಎಳೆಯಬೇಕಾಗುತ್ತದೆ, ಅದೊಂದೇ ಕೊರತೆ. ನಿಮ್ಮ ಸ್ಲ್ಯಾಬ್ ಎತ್ತರ 10 ಅಡಿಗಿಂತ ಕಡಿಮೆ ಇದ್ದರೆ ಇದನ್ನು ಮನಸ್ಸಿಟ್ಟು ಯೋಚಿಸಿ. ಸೀಲಿಂಗ್ ಇಳಿದಂತೆ ಫ್ಯಾನೂ ಇಳಿಯುತ್ತದೆ. ರೆಕ್ಕೆ ನೆಲದಿಂದ 8 ಅಡಿ ಮೇಲಿದ್ದರೆ ಒಳ್ಳೆಯದು.

ಕೆಲಸ ಒಪ್ಪಿಸುವಾಗ

ಚದರ ಅಡಿಗೆ ಇಷ್ಟು ಅಂತ ರೇಟ್ ಹೇಳುತ್ತಾರೆ. ಆ ರೇಟಿನಲ್ಲಿ ಏನೇನು ಸೇರಿದೆ ಎಂಬುದರಲ್ಲೇ ಜಗಳ ಬರುವುದು. ಹಳೆಯದನ್ನು ಕೀಳುವುದು, ಕಿತ್ತದ್ದನ್ನು ಸಾಗಿಸುವುದು, ಪುಟ್ಟಿ, ಪೇಂಟ್, ಲೈಟಿನ ತೂತುಗಳು, ಇವೆಲ್ಲ ಸೇರಿದೆಯಾ? ಕೋವ್ ಲೈಟ್‌ಗಾಗಿ, ಅಂದರೆ ಕಾಣದಂತೆ ಅಡಗಿಸಿಡುವ ದೀಪಕ್ಕಾಗಿ, ಮಾಡುವ ಅಂಚನ್ನು ಕೆಲವರು ರನ್ನಿಂಗ್ ಫೀಟ್ (ಉದ್ದದ ಅಡಿ) ಲೆಕ್ಕದಲ್ಲಿ ಬೇರೆ ಹಾಕುತ್ತಾರೆ. ನನ್ನ ಕೆಲಸಕ್ಕೆ ಮೊದಲು ಬಂದವರು ಬಾಯಲ್ಲಿ ಹೇಳಿದ ಮೊತ್ತಕ್ಕೂ ಬಿಲ್ಲಿಗೂ ಬಹಳ ಅಂತರವಿತ್ತು. ಎರಡನೆಯವರ ಹತ್ತಿರ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡೆ. ಬೋರ್ಡಿನ ಬಗೆ, ದಪ್ಪ, ಚಾನೆಲ್ ಅಂತರ 18 ಅಂಗುಲ ಅನ್ನುವುದನ್ನೂ ಸೇರಿಸಿ.

ಸಾಮಾನಿನ ಲೆಕ್ಕ ನೀವೂ ಹಾಕಿಕೊಳ್ಳಿ. ಒಂದು ಬೋರ್ಡ್ 24 ಚದರ ಅಡಿ. 132 ಚದರ ಅಡಿಗೆ ಐದೂವರೆ ಬೋರ್ಡ್. ತುಂಡಾಗಿ ಹೋಗುವುದು ಸೇರಿ 7 ಸಾಕು. 10 ಬೋರ್ಡ್ ಅಂದರೆ ಕಾರಣ ಕೇಳಿ.

ಬೋರ್ಡ್ ಹೊಡೆಯುವ ಮುಂಚೆ ಕೆಲಸ ನಿಲ್ಲಿಸಿ, ಚೌಕಟ್ಟು, ವೈರು, ಪೈಪು ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಎಲ್ಲಿ ಡ್ರಿಲ್ ಹಾಕಬಹುದು ಎಂಬುದಕ್ಕೆ ಅದೇ ನಕ್ಷೆ. ಮತ್ತೆ ಎರಡಡಿ ಚೌಕದ ಒಂದು ಬಾಗಿಲು ಬಿಡಿಸಿ. ತೆರೆದು ತಲೆ ತೂರಿಸಿ ನೋಡುವ ಹಾಗಿರಬೇಕು. ಅಂದಗೆಡುತ್ತದೆ ಎಂದು ಕೆಲಸದವರು ಬೇಡ ಅನ್ನಬಹುದು. ಕಾಣದ ಮೂಲೆ ನೋಡಿ ಬಿಡಿಸಿಕೊಳ್ಳಿ, ಆದರೆ ಬಿಟ್ಟುಕೊಡಬೇಡಿ.

ಸಮಯವನ್ನೂ ಆರಿಸಬೇಕು. ಮಳೆಗಾಲದಲ್ಲಿ ಜಾಯಿಂಟ್ ಕಾಂಪೌಂಡ್ ಒಣಗುವುದಿಲ್ಲ. ಒಂದು ಕೋಟ್ ಹಸಿ ಇರುವಾಗಲೇ ಇನ್ನೊಂದು ಎಳೆದರೆ ಬೇಸಿಗೆಯಲ್ಲಿ ಬಿರುಕು ಬರುತ್ತದೆ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಜೋರಾಗುವುದರಿಂದ ಸಹಾಯಕರು ಸಿಗುವುದು ಕಷ್ಟ. ಮಾರ್ಚ್, ಏಪ್ರಿಲ್ ಅತ್ಯಂತ ಅನುಕೂಲದ ಕಾಲ. ಕಾಫಿ ಹೂ ಅರಳಿಸುವ ಹೂಮಳೆ ಬಂದು ಹೋಗಿರುತ್ತದೆ. ತಾರಸಿಯ ರಿಪೇರಿ ಹಿಡಿದಿದೆಯಾ ಇಲ್ಲವಾ ಎಂದು ಆ ಮಳೆಯೇ ತೋರಿಸಿಕೊಡುತ್ತದೆ.

ನಾನು ಹಾಗೇ ಮಾಡಿದೆ. ಎಂಟು ತಿಂಗಳು ಹಾಲ್‌ನ ಮೂಲೆ ತೆರೆದೇ ಇತ್ತು. ಬಂದವರೆಲ್ಲ ಕೇಳುತ್ತಿದ್ದರು. ಆ ಮೂಲೆಯಿಂದ ಸ್ಲ್ಯಾಬ್ ಒಣಗುವುದನ್ನು ನೋಡುತ್ತಿದ್ದೆ. ಏಪ್ರಿಲ್‌ನಲ್ಲಿ ಹಾಲ್‌ಗೆ ಹಸಿರು ಜಿಪ್ಸಮ್, ಅಡುಗೆಮನೆಗೆ ಕ್ಯಾಲ್ಸಿಯಂ ಸಿಲಿಕೇಟ್, ಗೀಸರ್ ಇರುವ ಬಚ್ಚಲಿಗೆ ಪಿವಿಸಿ ಹಾಕಿಸಿದೆ. ಮಲಗುವ ಕೋಣೆಗಳ ಸ್ಲ್ಯಾಬ್‌ಗೆ ಬಿಳಿ ಬಳಿಸಿ ಹಾಗೇ ಬಿಟ್ಟೆ. ಮೃಗಶಿರ ಮಳೆ ಹಿಡಿಯುವ ಮುಂಚೆ ತಾರಸಿಗೆ ಹತ್ತಿ ಪೈಪಿನ ಬಾಯಿಯ ಎಲೆ ಬಾಚುತ್ತೇನೆ. ಮಳೆ ಹಿಡಿದ ವಾರ ಹಾಲ್‌ನ ಮೂಲೆಯ ಆ ಚೌಕದ ಬಾಗಿಲು ತೆರೆದು, ಟಾರ್ಚ್ ಬಿಟ್ಟು, ಸ್ಲ್ಯಾಬ್ ಮುಟ್ಟಿ ನೋಡುತ್ತೇನೆ.